ಮುಂದಿನ ಆವೃತ್ತಿಯ ನೆವ

"ರಾಜೇಶ್ ಬಿರಾದಾರ ಅವ್ರು ಅದಾರೇನ್ರಿ?"

ಬಸವನ ಬಾಗೇವಾಡಿಯ ಕಂಪ್ಯೂಟರ್ ಸೆಂಟರಿನ ಬಾಗಿಲಲ್ಲಿ ನಿಂತವನ ಹುಬ್ಬಿನ ಮೇಲೂ ಬಸ್ಸಿನ ಧೂಳು ಕೂತಿತ್ತು.

"ರಾಜೇಶ್ ಯಾರೂ ಇಲ್ರಿ. ಆರ್. ಬಿರಾದಾರ ಅಂದ್ರ ನಾನ. ರಾಜೇಶ್ವರಿ."

ಅವನ ಕಿವಿ ಕೆಂಪಾದದ್ದನ್ನು ಕಂಡು ಅವಳು ನಗು ನುಂಗಿದಳು. ಇವನೇ ಮುದ್ದೇಬಿಹಾಳದ ಗುರುನಾಥ! ಕಂಪ್ಯೂಟರ್ ರಿಪೇರಿ ಮಾಡುತ್ತಲೇ, ಊರಿಂದೂರಿಗೆ ಫೈಲ್ ಕಳಿಸುವ ಸಾಫ್ಟ್‌ವೇರ್ ಬರೆದು, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟವನು. ಅದರ ತಪ್ಪುಗಳನ್ನು ಹುಡುಕಿ ಅವಳು 'ಆರ್. ಬಿರಾದಾರ' ಎಂಬ ಹೆಸರಲ್ಲಿ ಇಮೇಲ್ ಮಾಡುತ್ತಿದ್ದಳು. ಈಗ ಮುಂದಿನ ಆವೃತ್ತಿಯಲ್ಲಿ ಏನೇನಿರಬೇಕೆಂದು ಕೂತು ಮಾತಾಡಲು ಬಂದಿದ್ದ.

"ಲೈನ್ ಕಟ್ ಆದ್ರ ಮತ್ತ ಮೊದಲಿಂದ ಕಳಸೂದು ತಪ್ಪಬೇಕ್ರಿ," ಎಂದಳು.

"ಆತ್ರಿ. ಕನ್ನಡದಾಗ ಹೆಸರಿಟ್ಟ ಫೈಲೂ ಕೆಡದಂಗ ಹೋಗಬೇಕು."

ಆಮೇಲೆ ಪ್ರತಿ ರವಿವಾರ ಬಂದ. ಶ್ರಾವಣ ಮುಗಿಯುವಷ್ಟರಲ್ಲಿ ನಿಜವಾಗಿ ಬೇಕಾದದ್ದೆಲ್ಲ ತೀರ್ಮಾನವಾಗಿತ್ತು. ಆದರೂ ಅವನು ಬರುವುದು ನಿಲ್ಲಲಿಲ್ಲ.

"ಫೈಲ್ ಮುಟ್ಟಿದ ಕೂಡ್ಲೆ ಕೋಗಿಲಿ ಕೂಗಿದ್ರ ಹೆಂಗ್ರಿ?"

"ಕೋಗಿಲಿ ಯಾರಿಗ್ ಬೇಕ್ರಿ?"

"ದಾರಿ ಕಾಯೂವ್ರಿಗೆ."

ಕೀಬೋರ್ಡಿನ ಮೇಲೆ ಅವಳ ಬೆರಳಿಗೆ ಅವನ ಬೆರಳು ತಾಗಿತ್ತು. ಇಬ್ಬರೂ ತೆಗೆಯಲಿಲ್ಲ.

ಅವನು ಹೋದ ಮೇಲೆ ವಾರವೆಲ್ಲ ಅವಳಿಗೆ ಉದ್ದವಾಗಿ ಕಾಣುತ್ತಿತ್ತು. ಸೆಂಟರಿನ ಹುಡುಗರಿಗೆ ಪಾಠ ಮಾಡುತ್ತಿದ್ದರೂ ಮುದ್ದೇಬಿಹಾಳದ ಬಸ್ಸು ಬಂದ ಸಪ್ಪಳಕ್ಕೆ ಕಣ್ಣು ಬಾಗಿಲಿಗೆ ಹೋಗುತ್ತಿತ್ತು.

ಒಂದು ರವಿವಾರ ಮನಸ್ಸು ಗಟ್ಟಿ ಮಾಡಿ ಹೇಳಿದಳು.

"ನನ್ನ ನೋಡಾಕ ಇಂಡಿ ಊರಿಂದ ಗಂಡಿನವ್ರು ಬರ್ತಾರಂತ್ರಿ. ಬರೂ ವಾರ."

ಅವನ ಒಂದು ಮಾತಿಗೆ ಕಾದಳು. ಗುರುನಾಥ ಚೀಲದ ಗುಂಡಿ ಹಾಕಿದ, ತೆಗೆದ, ಮತ್ತೆ ಹಾಕಿದ.

"ಚಲೋ ಆತ್ರಿ. ಹಂಗಾರ ಇಷ್ಟಕ್ಕ ಮುಗಸೂಣು."

ಅವಳಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು. ಮನೆಗೆ ಹೋದವಳೇ ತಾಯಿ ರೇವವ್ವನ ಮುಂದೆ ಕೂತಳು.

"ಅವ್ವಾ, ಇಂಡಿಯವ್ರಿಗೆ ಬರಬ್ಯಾಡ ಅಂತ ಹೇಳಿಬಿಡು."

"ಯಾಕ? ಮನಸ್ನಾಗ ಯಾರರ ಅದಾರೇನು?"

"ಅದಾರ. ಆದ್ರ ಅವ್ರಿಗೆ ಬಾಯಿ ಇಲ್ಲ."

ರೇವವ್ವ ಮಗಳ ತಲೆ ಸವರಿದಳು. "ಇಂಡಿಯವ್ರಿಗೆ ನಾ ಹೇಳ್ತೇನಿ. ನೀ ಹೋಗಿ ಅವನ್ನ ಒಂದು ಮಾತು ಕೇಳಿ ಬಾ," ಎಂದಳು.

ಮುದ್ದೇಬಿಹಾಳದ ಅಂಗಡಿಯಲ್ಲಿ ಗುರುನಾಥ ಬಿಚ್ಚಿದ ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಇಂಡಿಯವ್ರನ್ನ ಬ್ಯಾಡ ಅಂದೇನ್ರಿ."

"ಯಾಕ್ರಿ?"

"ಅದನ್ನ ನೀವ ಹೇಳ್ಬೇಕು."

ಅವನು ನೆಲ ನೋಡುತ್ತ ಹೇಳಿದ. "ಅರ್ಧ ದುಡಿಮಿ ಪುಕ್ಕಟೆ ಹಂಚೂ ಮನಷ್ಯಾ ನಾ. ಇಂಥಾವ್ಗ ಯಾರು ಹೆಣ್ಣು ಕೊಡ್ತಾರ ಅಂತ ಬಾಯಿ ಮುಚ್ಕೊಂಡಿದ್ದೆ."

"ಕೊಡೂವ್ರನ್ನ ಆಮ್ಯಾಲೆ ಕೇಳೂಣು. ಬರಾಕಿ ಇಲ್ಲೇ ನಿಂತಾಳ."

"ರಾಜೇಶ್ವರಿ," ಎಂದ ಅವನು, ಮೊದಲ ಸಲ ಬಹುವಚನ ಬಿಟ್ಟು. "ನಿನ್ನ ಬಿಟ್ಟು ನನಗ ಆಗೂದಿಲ್ಲ."

ಅವಳ ಕಣ್ಣು ತುಂಬಿ ಬಂದವು. ನಡುಮಧ್ಯಾಹ್ನವೇ ಅವನು ಅಂಗಡಿಯ ಶಟರ್ ಎಳೆದ. ಪಕ್ಕದ ಅಂಗಡಿಯ ಸೋಮನಿಂಗ ತಲೆ ಹೊರಹಾಕಿದ.

"ಯಾಕೋ ಗುರು, ಇಷ್ಟ ಲಗೂ ಎಲ್ಲಿ ಹೊಂಟಿ?"

ಗುರುನಾಥ ಅವಳ ಕಡೆ ನೋಡಿ, ದನಿ ಎತ್ತಿ ಹೇಳಿದ.

"ಇಕಿ ಅವ್ವನ ಕಡೆ ಹೆಣ್ಣು ಕೇಳಾಕ ಹೊಂಟೇವಿ, ಕಾಕಾ. ಇಬ್ರೂ."