ಪರೀಕ್ಷೆ ಕಾಣದ ಡಬ್ಬಿ

ಗುತ್ತಲದ ಯೂಸುಫಸಾಬರ ಫೋನು ಬಂದಾಗಲೇ ಧನಶ್ರೀಗೆ ಗೊತ್ತಾದದ್ದು—ಕಂಪ್ಯೂಟರ್ ಬಿಡಿಭಾಗಗಳ ಬಗ್ಗೆ ತಾನು ಹಾವೇರಿಯಿಂದ ನಡೆಸುವ ವೆಬ್‌ಸೈಟಿನಲ್ಲಿ, ತಾನು ಬರೆಯದ ಲೇಖನವೊಂದು ತನ್ನದೇ ಹೆಸರಿನಲ್ಲಿ ಬಂದು ಕೂತಿದೆ! ಕಂಪ್ಯೂಟರಿಗೆ ಕರೆಂಟು ಒದಗಿಸುವ ಎಸ್‌ಎಂಪಿಎಸ್ ಡಬ್ಬಿಯೊಂದನ್ನು ಅದು ಹಾಡಿ ಹೊಗಳಿತ್ತು. ‘ಹೊಚ್ಚಹೊಸ ಡಬ್ಬಿ, ನಾವೇ ಮೂರು ದಿನ ಓಡಿಸಿ ನೋಡಿದ್ದೇವೆ’ ಎಂಬ ಭರವಸೆ, ಜೊತೆಗೊಂದು ಫೋಟೊ. ನಂಬಿ ಕೊಂಡ ಯೂಸುಫಸಾಬರ ಮದುವೆ ಕಾರ್ಡಿನ ಅಂಗಡಿಯಲ್ಲಿ ಕಂಪ್ಯೂಟರೇ ಸುಟ್ಟುಹೋಗಿತ್ತು.

“ನಿಮ್ಮ ಹೆಸರು ನೋಡಿ ತಗೊಂಡೇನ್ರಿ” ಎಂದರು ಅವರು.

ಬೈದಿದ್ದರೇ ವಾಸಿಯಿತ್ತು. ಕಂಪನಿಯವರು ಹೇಳಿದಂತೆ ಒಂದು ಸಾಲೂ ಬರೆಯದೆ ಐದು ವರ್ಷ ಕಾಪಾಡಿಕೊಂಡ ಹೆಸರು, ಒಂದು ಕಳ್ಳ ಜಾಹೀರಾತಿನಿಂದ ಮಣ್ಣುಪಾಲಾಗುವುದರಲ್ಲಿತ್ತು.

ಅವಳನ್ನು ಬಿಟ್ಟರೆ ವೆಬ್‌ಸೈಟಿನ ಪಾಸ್‌ವರ್ಡ್ ಇದ್ದದ್ದು ಇನ್ನಿಬ್ಬರ ಬಳಿ. ಜಾಹೀರಾತು ತರುವ ರಾಣೆಬೆನ್ನೂರಿನ ಪ್ರಭಾಕರ. ಸಾಮಾನು ಪರೀಕ್ಷಿಸುವ ಬ್ಯಾಡಗಿಯ ಸುಶ್ರುತ. ಜಾಹೀರಾತು ತರುವವನನ್ನು ಬಿಟ್ಟು ಅನುಮಾನ ಇನ್ಯಾರ ಮೇಲೆ ಹೋದೀತು? ಪ್ರಭಾಕರ ಆಣೆ ಹಾಕಿದ. ಧನಶ್ರೀ ಕಿವಿಗೊಡದೆ ಅವನನ್ನು ಕೆಲಸದಿಂದ ಬಿಡಿಸಿದಳು. ಆದರೂ ಮನಸ್ಸು ತಡೆಯದೆ, ಸುಶ್ರುತನನ್ನು ಕರೆದುಕೊಂಡು, ಬಸ್ ನಿಲ್ದಾಣದ ಹಿಂದೆ ಕಂಪ್ಯೂಟರ್ ರಿಪೇರಿ ಮಾಡುವ ಖತೀಜಾಬಿಯ ಅಂಗಡಿಗೆ ಹೋದಳು.

ಖತೀಜಾಬಿಗೆ ಮಾತು ಕಡಿಮೆ, ಅನುಮಾನ ಜಾಸ್ತಿ. ಡಬ್ಬಿ ನಿನ್ನ ಕೈಗೆ ಬಂದಿತ್ತೇ ಎಂದು ಸುಶ್ರುತನನ್ನು ಕೇಳಿದಳು. ತಾನು ಕಣ್ಣಲ್ಲೂ ಕಂಡಿಲ್ಲ, ಫೋಟೊ ಕೂಡ ರಾಣೆಬೆನ್ನೂರಿನಲ್ಲೇ ತೆಗೆದದ್ದಿರಬೇಕು ಎಂದ ಅವನು.

ಖತೀಜಾಬಿ ಫೋಟೊ ದೊಡ್ಡದು ಮಾಡಿದಳು. ಎಲ್ಲರೂ ಲೇಬಲ್ ನೋಡಿದ್ದರು. ಅವಳು ಫ್ಯಾನಿನ ಜಾಲರಿ ನೋಡಿದಳು.

“ಹೊಸಾ ಡಬ್ಬಿ ಅಂತೀರಿ. ಒಳಗ ಈ ಕೆಂಪು ಧೂಳು ಎಲ್ಲಿಂದ ಬಂತು?”

“ಹಾದಿ ಮಣ್ಣಿರಬೇಕ್ರಿ” ಎಂದ ಸುಶ್ರುತ.

“ಮಣ್ಣಾಗ ಹಳದಿ ಬೀಜ ಇರ್ತಾವೇನು? ಇದು ಮೆಣಸಿನಕಾಯಿ. ಬ್ಯಾಡಗಿ ಪ್ಯಾಟಿ ಕಂಪ್ಯೂಟರ್ ಬಿಚ್ಚಿದಾಗೆಲ್ಲಾ ನನಗ ಸೀನು ಬರ್ತಾವ. ಹಿಂಗ ಕೂಡಬೇಕಂದ್ರ ಫ್ಯಾನು ವರ್ಷಗಟ್ಟಲೆ ಅಲ್ಲೇ ತಿರುಗಿರಬೇಕು. ನಿಮ್ಮ ಕಾಕಾಂದು ಅಲ್ಲಿ ದಲಾಲಿ ಅಂಗಡಿ ಐತಲ್ಲ?”

ಉಳಿದದ್ದನ್ನು ಖತೀಜಾಬಿಯೇ ಹೇಳಿದಳು. ಹೊಸ ಡಬ್ಬಿ ಬಂದೇ ಇರಲಿಲ್ಲ, ಪರೀಕ್ಷೆಯೂ ನಡೆದಿರಲಿಲ್ಲ. ಕಾಕಾನ ಅಂಗಡಿಯ ಹಳೆಯ ಡಬ್ಬಿಯ ಹೊರಮೈ ಒರೆಸಿ, ಕಂಪನಿ ಕಳಿಸಿದ ಲೇಬಲ್ ಅಂಟಿಸಿ ಫೋಟೊ ತೆಗೆದವನು ಇವನೇ. ಹುಟ್ಟಿದಾಗಿನಿಂದ ಮೆಣಸಿನಕಾಯಿ ರಾಶಿಯ ನಡುವೆ ಬೆಳೆದವನಿಗೆ ಆ ಕೆಂಪು ಕಣ್ಣಿಗೆ ಬೀಳಲೇ ಇಲ್ಲ.

ಕಂಪನಿಯವರು ಕೊಡುತ್ತೇವೆಂದ ಒಂದು ಗ್ರಾಫಿಕ್ಸ್ ಕಾರ್ಡಿನ ಆಸೆಗೆ ಬಿದ್ದೆ ಎಂದು ಅವನು ತಲೆ ತಗ್ಗಿಸಿದ. “ಅಕ್ಕಾ, ನನ್ನ ಹೆಸರು ಹೊರಗ ಹಾಕಬ್ಯಾಡ.”

ಧನಶ್ರೀ ಖತೀಜಾಬಿಯ ಕೀಬೋರ್ಡನ್ನು ಅವನ ಮುಂದೆ ಸರಿಸಿದಳು.

“ನನ್ನ ಹೆಸರಿನಾಗ ಸುಳ್ಳು ಬರದಿ. ಈಗ ನಿನ್ನ ಹೆಸರಿನಾಗ ಖರೇ ಬರಿ.”

ಅವನು ಬರೆದು ಮುಗಿಸುವವರೆಗೂ ಪಕ್ಕದಲ್ಲೇ ನಿಂತಳು. ಆಮೇಲೆ ಪ್ರಭಾಕರನಿಗೆ ಫೋನು ಮಾಡಿ, ತಪ್ಪು ನನ್ನದು ಎಂದಳು. ನಾಳೆ ಯೂಸುಫಸಾಬರಿಗೆ ಒಳ್ಳೆಯ ಕಂಪ್ಯೂಟರ್ ಒಯ್ದು ಕೊಡಬೇಕು, ಜೊತೆಗೆ ಬರುತ್ತೀರಾ ಎಂದು ಕೇಳಿದಳು.

ಎಷ್ಟು ಗಂಟೆಗೆ ಎಂದ ಪ್ರಭಾಕರ.