ಹಳದಿ ಗುರುತು ಬಿದ್ದ ಸಾಲು

"ನನ್ನ ಬರವಣಿಗಿಗೆ ಅರಿಷಿಣ ಬಳದಾಕಿ ನೀವೇ ಏನ್ರಿ?"

ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಿಂತವನನ್ನು ದಾನೇಶ್ವರಿ ತಲೆಯೆತ್ತಿ ನೋಡಿದಳು. ಕೆಲಸಕ್ಕೆ ಸೇರಿ ಎರಡೇ ದಿನವಾಗಿದ್ದ ಹಣಮೇಶ! ಮುಖ ಕೆಂಪೇರಿತ್ತು.

"ನಾ ಅಲ್ರಿ, ಸಾಫ್ಟ್‌ವೇರ್ ಹಚ್ಚೇದ. ಹದಿನೇಳು ಸಾಲಿಗೆ!" ಎಂದಳು, ನಗು ತಡೆಯುತ್ತ.

ಶಹಾಪುರದ ಬಸ್ ನಿಲ್ದಾಣದ ಹಿಂದಿನ ಆ ಪುಟ್ಟ ಕಚೇರಿಯಲ್ಲಿ ಅವಳ ಕೆಲಸವೇ ಅದು. ಹೊಸ ಆ್ಯಪ್ ಏನೇನು ಮಾಡಬೇಕೆಂದು ಹಣಮೇಶನಂಥವರು ಸಾಲುಸಾಲಾಗಿ ಬರೆಯುತ್ತಿದ್ದರು. ಅದನ್ನು ಅವಳು ತಪಾಸಣೆಯ ಸಾಫ್ಟ್‌ವೇರಿಗೆ ಕೊಡುತ್ತಿದ್ದಳು. ಯಾರು, ಯಾವಾಗ, ಎಷ್ಟು ಹೊತ್ತಿನಲ್ಲಿ ಎಂಬುದು ಸ್ಪಷ್ಟವಿಲ್ಲದ ಕಡೆ ಅದು ಹಳದಿ ಗುರುತು ಹಾಕುತ್ತಿತ್ತು.

"'ಬೇಗ' ಅಂತ ಬರದೀರಿ. ಎಷ್ಟು ಬೇಗ?"

"ಬೇಗ ಅಂದ್ರ ಲಗೂನ ರೀ! ಎಲ್ಲಾರಿಗೂ ಅರ್ಥ ಆಗ್ತದ!"

ಜಗಳವಾಡಿದವನೇ ಮರುದಿನ ಚಹಾ ತಂದಿಟ್ಟ. ಎರಡು ತಿಂಗಳಲ್ಲಿ, ಅವನು ಬರುವುದು ಐದು ನಿಮಿಷ ತಡವಾದರೂ ಇವಳ ಕಣ್ಣು ಬಾಗಿಲಲ್ಲೇ! ಮನಸ್ಸು ಕೊಟ್ಟ ಮೇಲೆ ಅವನ ತಪ್ಪು ಕಣ್ಣಿಗೆ ಬೀಳುತ್ತದೆಯೇ ಹೇಳಿ?

ಆಗಲೇ ಬಂತು ಹೊಳೆದಂಡೆಯ ಊರುಗಳ ಆ್ಯಪ್. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಸಿಕ್ಕರೆ ಮೀನು ಹಿಡಿಯುವವರ ಮೊಬೈಲಿಗೆ ಎಚ್ಚರಿಕೆ ಕಳಿಸುವ ಕೆಲಸ ಅದರದು. ಹಣಮೇಶನಿಗೆ ಅದು ಮನೆಯ ಕೆಲಸವಿದ್ದಂತೆ. ಅವನ ಅಪ್ಪ ಮಾನಪ್ಪ ವಡಗೇರಾ ಕಡೆಯ ಹೊಳೆಯಲ್ಲಿ ದಿನಾ ತೆಪ್ಪ ಬಿಡುತ್ತಿದ್ದ.

'ಸುದ್ದಿ ಬಂದಾಗ ದಂಡೆಯವರಿಗೆ ಬೇಗ ಸಂದೇಶ ಹೋಗಬೇಕು.'

ಆ ಸಾಲಿಗೆ ಮತ್ತೆ ಹಳದಿ!

ಸಂಜೆಯೊಳಗೆ ಕೆಲಸ ಒಪ್ಪಿಸಬೇಕಿತ್ತು. ಎರಡು ದಿನ ನಿದ್ದೆಗೆಟ್ಟ ಹಣಮೇಶ ಮೇಜಿಗೆ ತಲೆಯಿಟ್ಟು ಮಲಗಿಬಿಟ್ಟಿದ್ದ. ಎಬ್ಬಿಸಲು ಅವಳಿಗೆ ಮನಸ್ಸಾಗಲಿಲ್ಲ. ಗುರುತು ತೆಗೆಯಬೇಕೆಂದರೆ ಕಾರಣ ಬರೆಯಲೇಬೇಕು. ನಸುನಗುತ್ತ ಬರೆದಳು: 'ಎಲ್ಲಾರಿಗೂ ಅರ್ಥ ಆಗ್ತದ.'

ಅವನು ಎದ್ದಾಗ, "ಎಲ್ಲಾ ಸರಿ ಅದ, ಕಳಿಸೀನಿ," ಎಂದಳು.

ಅರ್ಥ ಆಗಲಿಲ್ಲ... ಕೋಡ್ ಬರೆದವರು ತಾಸಿಗೊಮ್ಮೆ ಕಳಿಸಿದರೆ ಸಾಕೆಂದುಕೊಂಡರು. ಆಷಾಢದ ಒಂದು ಬೆಳಿಗ್ಗೆ ಆರೂ ಹತ್ತಕ್ಕೆ ನೀರು ಬಿಟ್ಟ ಸುದ್ದಿ ಬಂತು. ಆರೂವರೆಗೆ ಮಾನಪ್ಪ ತೆಪ್ಪ ಬಿಟ್ಟ. ಏಳಕ್ಕೆ ಸಂದೇಶ ಹೋಯಿತು.

ಮೂರನೆಯ ದಿನ ಅವನ ದೇಹ ಸಿಕ್ಕಿತು.

ಆ್ಯಪನ್ನು ಅದೇ ವಾರ ತಿದ್ದಿದರು. ಹಣಮೇಶನನ್ನು ತಿದ್ದಿ ಸರಿಮಾಡುವವರು ಯಾರು?

"ನಾ ಬರದ ಸಾಲ ನಮ್ಮಪ್ಪನ್ನ ನುಂಗ್ತು. ಆದ್ರ ಆ ಸಾಫ್ಟ್‌ವೇರಿಗೂ ಆ ತಪ್ಪು ಸಿಗಲಿಲ್ಲ ನೋಡ್ರಿ. ಅದೊಂದ ನನಗ ಸಮಾಧಾನ..." ಎನ್ನುತ್ತಿದ್ದ.

ಕೇಳಿದಾಗೆಲ್ಲ ದಾನೇಶ್ವರಿ ಮುಖ ತಿರುಗಿಸುತ್ತಿದ್ದಳು. 'ಸಿಕ್ಕಿತ್ತು... ನಾನೇ ಒರೆಸಿದೆ!' ಹೇಳಿದರೆ ಅವನ ಆ ಒಂದು ಸಮಾಧಾನವೂ ಹೋಗುತ್ತದೆ. ಹೇಳದೆ ಅವನ ಪಕ್ಕ ಕೂತು ಚಹಾ ಕುಡಿಯುವುದಾದರೂ ಹೇಗೆ? ಅವಳು ಮಾತು ಕಡಿಮೆ ಮಾಡಿದಳು.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅವನೇ ಎದುರು ಬಂದು ಕೂತ.

"ನನ್ನ ಮದಿವಿ ಆಗ್ತೀರೇನ್ರಿ?"

ಇದೊಂದು ಮಾತಿಗಾಗಿ ಎಷ್ಟು ದಿನ ಕಾದಿದ್ದಳು!

"ಆಗಂಗಿಲ್ರಿ."

"ಯಾಕ? ನೀವು ಲಿಂಗಾಯತ್ರು, ನಾ ಅಂಬಿಗರ ಹುಡುಗ... ಅದಕ್ಕ ಬ್ಯಾಡಂತೀರೇನು?"

ಅಯ್ಯೋ ಶಿವನೇ! ಹಾಗೆಂದು ತಿಳಿದುಕೊಂಡನೇ? ಏನು ಬೇಕಾದರೂ ಸಹಿಸಿಯಾಳು, ಅದನ್ನಲ್ಲ. ಕಂಪ್ಯೂಟರಿನಲ್ಲಿ ಹಳೆಯ ಕಡತ ತೆರೆದು ಪರದೆಯನ್ನು ಅವನ ಕಡೆ ತಿರುಗಿಸಿದಳು. ಆ ಸಾಲು, ಹಳದಿ ಗುರುತು, ಗುರುತು ತೆಗೆದವರ ಹೆಸರು, ಕಾರಣ... ಎಲ್ಲವೂ ಅಲ್ಲಿತ್ತು.

ಓದಿದ. ಬ್ಯಾಗನ್ನೂ ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಹೋದ.

ನಾಲ್ಕು ದಿನ ಆ ಬ್ಯಾಗ್ ಕುರ್ಚಿಯ ಮೇಲೆ ಹಾಗೇ ಇತ್ತು. ಅದನ್ನು ನೋಡಿ ನೋಡಿ ಅವಳು ಅತ್ತಳು.

ಐದನೆಯ ದಿನ ಬಂದ. ಗಡ್ಡ ಬೆಳೆದಿತ್ತು.

"ಸಿಟ್ಟು ಬಂದಿತ್ರಿ. ಇನ್ನೂ ಪೂರಾ ಹೋಗಿಲ್ಲ. ಆದ್ರ ನೀವು ಬರದ ಆ ಕಾರಣ... ಆ ಮಾತು ನಂದರಿ. ಮೊದಲನೇ ದಿನ ನಿಮಗ ನಾನೇ ಅಂದಿದ್ದೆ."

"ನಿಮ್ಮ ಮಾತಂತನ ಬರದಿದ್ದೆ. ಅಷ್ಟು ಜೀವ ಇಟ್ಟಿದ್ದೆ ನಿಮ್ಮ ಮ್ಯಾಲ..."

"ಈಗ?"

"ಈಗೂ ಅಷ್ಟ ಅದ. ಅದಕ್ಕ ಮುಚ್ಚಿಟ್ಟು ಹೂಂ ಅನ್ನಾಕ ಆಗಲಿಲ್ಲ."

ಹಣಮೇಶ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅಪ್ಪ ಸತ್ತ ದಿನವೂ ಅವನು ಹೀಗೆ ಅತ್ತಿರಲಿಲ್ಲ. ಅವಳು ಪಕ್ಕಕ್ಕೆ ಬಂದು, ಹೆದರುತ್ತಲೇ ಅವನ ಭುಜದ ಮೇಲೆ ಕೈಯಿಟ್ಟಳು. ಅವನು ಆ ಕೈ ಸರಿಸಲಿಲ್ಲ.

"ಆ ಮೆಸೇಜ್ ಯಾಕ ತಡ ಆತು ಅಂತ ಅವ್ವ ದಿನಾ ಕೇಳ್ತಾಳ. ನಾ ಬರದ ಸಾಲಿನ ಸುದ್ದೀನೂ ಆಕಿಗೆ ಹೇಳಿಲ್ಲ."

"ಯಾವಾಗ ಹೇಳೋದು?"

"ಇವತ್ತ. ಐದೂವರಿ ಬಸ್ಸಿಗೆ ಹೋಗಿ."

"ಇಬ್ಬರೂ ಹೋಗಿ ಹೇಳೋಣು," ಎನ್ನುತ್ತ ದಾನೇಶ್ವರಿ ಕುರ್ಚಿಯ ಮೇಲಿದ್ದ ಅವನ ಬ್ಯಾಗ್ ಎತ್ತಿಕೊಂಡಳು. ಬಾಗಿಲ ಬಳಿ ನಿಂತಳು. "ಆಕಿ ನನ್ನ ಮಾರಿ ನೋಡಾಕ ಒಲ್ಲೆ ಅಂದ್ರ?"

"ನಾಳೆ ಮತ್ತ ಹೋಗೋಣು. ಅದೇ ಬಸ್ಸಿಗೆ. ನಡಿ, ದಾನೇಶ್ವರಿ."