ಕುಂಕುಮವಿದ್ದ ಡಿಸ್ಕ್

"ಅಲ್ಲಾಡಿದ್ರೆ ಕುತ್ತಿಗೆ ಇರಲ್ಲ!"

ಮಚ್ಚು ನನ್ನ ಕುತ್ತಿಗೆಯ ಹಿಂಭಾಗಕ್ಕೆ ತಣ್ಣಗೆ ತಗುಲಿತು.

ಹಿಡಿದವನು ಸೀನು. ಅಪಾರ್ಟ್‌ಮೆಂಟಿನ ಸೆಕ್ರೆಟರಿ ಚಿದಾನಂದ್ ಸಾಕಿಕೊಂಡ ಆಳು. ಚಿದಾನಂದ್ ಬಾಗಿಲಲ್ಲೇ ನಿಂತಿದ್ದ... ಇಸ್ತ್ರಿ ಮಾಡಿದ ಬಿಳಿ ಶರ್ಟು, ಹಣೆಯಲ್ಲಿ ಗಂಧ.

ನನ್ನ ಮುಂದೆ ಬಿಚ್ಚಿಟ್ಟ ಕಂಪ್ಯೂಟರ್. ಒಳಗೆ ಎರಡು ಹಾರ್ಡ್‌ಡಿಸ್ಕ್. ಒಂದರ ಮೇಲೆ ಕುಂಕುಮದ ಬೊಟ್ಟು. ಇನ್ನೊಂದು ಬೋಳು.

ಅವುಗಳಲ್ಲಿ ಒಂದರೊಳಗೆ ಕೊಲೆಯೊಂದು ರೆಕಾರ್ಡ್ ಆಗಿತ್ತು!

ಸ್ವಲ್ಪ ಹಿಂದಕ್ಕೆ ಹೋಗೋಣ. ಇಲ್ಲದಿದ್ದರೆ ನಿಮಗೆ ಏನೂ ಅರ್ಥವಾಗುವುದಿಲ್ಲ.

ನಾನು ಹಂಸಾ. ಜಯನಗರದಲ್ಲಿ ಒಂದು ಸಣ್ಣ ಅಂಗಡಿ. ಕೆಟ್ಟ ಡಿಸ್ಕುಗಳಿಂದ ಡೇಟಾ ಎತ್ತಿ ಕೊಡುವುದು ಕಸುಬು. ಬಾಯಿ ಜೋರು ಎಂದು ಹೆಸರು. ಹೆಸರನ್ನು ಉಳಿಸಿಕೊಂಡಿದ್ದೇನೆ.

ಸಾರಕ್ಕಿಯ ಆ ಅಪಾರ್ಟ್‌ಮೆಂಟಿನ ಟೆರೇಸಿನಿಂದ ಮೂರು ದಿನದ ಹಿಂದೆ ಜಯಸಿಂಹ ಎಂಬ ನಿವೃತ್ತ ಮೇಷ್ಟ್ರು ಬಿದ್ದು ಸತ್ತಿದ್ದರು. ಟೆರೇಸಿನ ಮೇಲೆ ಚಿದಾನಂದ್ ಕದ್ದು ಕಟ್ಟಿಸುತ್ತಿದ್ದ ಮನೆಯ ಬಗ್ಗೆ ದೂರು ಕೊಟ್ಟವರು ಅವರು. "ವಾಚ್‌ಮನ್ ತಳ್ಳಿದ, ನಾನೇ ನೋಡಿದೆ" ಎಂದ ಚಿದಾನಂದ್. ಪೊಲೀಸರು ವಾಚ್‌ಮನ್ ಸಿದ್ದಲಿಂಗಯ್ಯನನ್ನು ಎತ್ತಿಕೊಂಡು ಹೋದರು. ಟೆರೇಸಿನಲ್ಲಿ ಕ್ಯಾಮೆರಾ ಇತ್ತು. ಆದರೆ ರೆಕಾರ್ಡಿಂಗ್ ಕಂಪ್ಯೂಟರ್ ಸತ್ತಿದೆ ಎಂದು ಎಲ್ಲರೂ ಕೈಚೆಲ್ಲಿದ್ದರು. ಮಚ್ಚು ನನ್ನ ಕುತ್ತಿಗೆಗೆ ಬಂದ ದಿನವೇ ಸಂಜೆ ನಾಲ್ಕಕ್ಕೆ ಸಿದ್ದಲಿಂಗಯ್ಯನನ್ನು ಕೋರ್ಟಿಗೆ ಒಯ್ಯುವವರಿದ್ದರು. ಅಲ್ಲಿಂದ ಜೈಲು.

ಮಧ್ಯಾಹ್ನ ಒಂದಕ್ಕೆ ಅವನ ಹೆಂಡತಿ ಶಂಕ್ರವ್ವ ನನ್ನನ್ನು ಅಪಾರ್ಟ್‌ಮೆಂಟಿನ ಆಫೀಸಿಗೆ ಕರೆತಂದಳು. ಆ ಆಫೀಸಿನ ಕಸ ಗುಡಿಸುವವಳು ಅವಳೇ. ಬೀಗದ ಕೈ ಅವಳ ಸೊಂಟದಲ್ಲಿತ್ತು. ಕಂಕುಳಲ್ಲಿ ಗಂಡನಿಗೆಂದು ಕಟ್ಟಿದ ರೊಟ್ಟಿ ಗಂಟು. ಹಣೆಯ ಮೇಲೆ ಕಾಸಗಲ ಕುಂಕುಮ.

"ಅಕ್ಕಾರ, ನಮ್ಮನಿಯವ್ರು ಇರುವಿ ಸೈತ ತುಳಿಯೂದಿಲ್ರೀ..."

"ಅಳಬೇಡ. ಬಾಗಿಲು ಹಾಕು."

ಕಂಪ್ಯೂಟರ್ ಆನ್ ಮಾಡಿದೆ. ನೀಲಿ ಸ್ಕ್ರೀನು. ಡಿಸ್ಕ್ ಸಿಗುತ್ತಿಲ್ಲ ಎಂಬ ಗೋಳು. ರೀಸ್ಟಾರ್ಟ್ ಮಾಡಿ ಸೆಟ್ಟಿಂಗ್ಸ್ ಒಳಗೆ ಹೋದೆ.

ಸತ್ತಿರಲಿಲ್ಲ! ಯಾರೋ ಬಾಯಿ ಕಟ್ಟಿದ್ದರು!

ಡಿಸ್ಕಿಗೂ ವಿಂಡೋಸಿಗೂ ನಡುವೆ ಕಂಟ್ರೋಲರ್ ಅಂತ ಒಂದಿರುತ್ತದೆ. ದುಭಾಷಿ ಅಂದುಕೊಳ್ಳಿ. ಇಲ್ಲಿ ಮೊದಲು ಅದನ್ನು 'ರೇಡ್' ಎಂಬ ಸೆಟ್ಟಿಂಗಿನಲ್ಲಿ ಇಟ್ಟಿದ್ದರು. ಬರೆದದ್ದೆಲ್ಲ ಎರಡೂ ಡಿಸ್ಕಿಗೆ ಒಟ್ಟಿಗೆ ಹೋಗುತ್ತದೆ. ಒಂದು ಕೆಟ್ಟರೂ ಇನ್ನೊಂದರಲ್ಲಿ ಎಲ್ಲ ಇರುತ್ತದೆ. ಆ ಸೆಟ್ಟಿಂಗನ್ನು ಯಾರೋ ಬದಲಿಸಿದ್ದರು. ವಿಂಡೋಸಿಗೆ ತನ್ನ ಡಿಸ್ಕೇ ಗುರುತು ಸಿಗದೆ ಕೂತಿತ್ತು.

ಮತ್ತೆ ರೇಡ್‌ಗೆ ಹಾಕಿ ಸೇವ್ ಒತ್ತಿದೆ.

ಎದ್ದು ಕೂತಿತು!

ಡಿವೈಸ್ ಮ್ಯಾನೇಜರಿನಲ್ಲಿ ಕಂಟ್ರೋಲರ್ ಸರಿಯಾಗಿತ್ತು. ಆದರೆ ಅದರ ಪಕ್ಕದಲ್ಲೇ ಒಂದು ಎಚ್ಚರಿಕೆ... ಎರಡರಲ್ಲಿ ಒಂದು ಡಿಸ್ಕ್ ಹೊಸದು, ಖಾಲಿ. ಮುಚ್ಚಳ ಬಿಚ್ಚಿದೆ. ಎರಡೂ ಒಂದೇ ಕಂಪನಿ, ಒಂದೇ ಅಳತೆ. ಒಂದಕ್ಕೆ ಮಾತ್ರ ಕುಂಕುಮ.

"ದಸರಾದ ಖಂಡೇಪೂಜಿಗೆ ನಮ್ಮನಿಯವ್ರs ಡಬ್ಬಿ ಬಿಚ್ಚಿ ಧೂಳಾ ಒರಸಿ ಎರಡಕ್ಕೂ ಹಚ್ಚಿದ್ರು," ಎಂದಳು ಶಂಕ್ರವ್ವ. "ಸೆಕ್ರೆಟರಿ ಸಾಹೇಬ್ರು ನೋಡಿ ನಕ್ಕಿದ್ರು."

ಈಗ ಅರ್ಥವಾಯಿತು. ಚಿದಾನಂದ್ ಒಂದು ಡಿಸ್ಕ್ ಕಿತ್ತು ಹೊಸದನ್ನು ಹಾಕಿದ್ದಾನೆ. ಆದರೂ ವಿಡಿಯೋ ಬರುತ್ತಲೇ ಇದೆ! ಗಾಬರಿಬಿದ್ದು ಸೆಟ್ಟಿಂಗ್ಸ್ ಕೆದಕಿದ್ದಾನೆ. ಕಂಪ್ಯೂಟರ್ ಏಳಲಿಲ್ಲ. ಸದ್ಯ, ಸತ್ತಿತು ಎಂದು ನಿಟ್ಟುಸಿರು ಬಿಟ್ಟಿದ್ದಾನೆ.

ಟೆರೇಸಿನ ವಿಡಿಯೋ ಹಾಕಿದೆ. ಜಯಸಿಂಹ ಕೈ ಬೀಸಿ ಮಾತಾಡುತ್ತಿದ್ದಾರೆ. ಎದುರಿಗೆ ಬಿಳಿ ಶರ್ಟು. ಎರಡೂ ಕೈ ಮುಂದಕ್ಕೆ ಹೋದವು... ಆಮೇಲೆ ಟೆರೇಸಿನಲ್ಲಿ ಉಳಿದದ್ದು ಒಬ್ಬನೇ.

 

ಅಷ್ಟರಲ್ಲಿ ನನ್ನ ದಡ್ಡತನ ಕಣ್ಣಿಗೆ ಬಿತ್ತು. ನೆಟ್ ಕೇಬಲ್ ಕಿತ್ತಿರಲಿಲ್ಲ! ಕ್ಯಾಮೆರಾ ಸಿಸ್ಟಮ್ ಎದ್ದೊಡನೆ ಸೆಕ್ರೆಟರಿಯ ಫೋನಿಗೆ ಮೆಸೇಜ್ ಹೋಗುತ್ತದೆ.

ಗೇಟಿನಲ್ಲಿ ಕಾರಿನ ಹಾರ್ನ್ ಕೇಳಿತು.

ಪವರ್ ಎಳೆದೆ. "ಅವನು ಹುಡುಕೋದು ಕುಂಕುಮ ಇರೋದನ್ನ" ಎಂದೆ. ಅಷ್ಟೇ ಹೇಳಿದ್ದು. ಶಂಕ್ರವ್ವ ಸೆರಗಿನ ತುದಿ ನೀರಲ್ಲಿ ಅದ್ದಿ ಹಳೆಯ ಡಿಸ್ಕಿನ ಬೊಟ್ಟನ್ನು ಉಜ್ಜಿ ತೆಗೆದಳು. ಆಮೇಲೆ ಸುತ್ತ ಹುಡುಕಿದಳು.

"ಕುಂಕುಮ ಎಲ್ಲೈತ್ರೀ ಇಲ್ಲಿ?"

ನಾನು ಅವಳ ಹಣೆ ನೋಡಿದೆ. ಅವಳಿಗೂ ಹೊಳೆಯಿತು. ಗಂಡ ಬದುಕಿರುವಾಗ ಹಣೆ ಒರಸಬಾರದು... ಆದರೂ ಹಣೆಯಿಂದ ಬಳಿದು ಹೊಸ ಡಿಸ್ಕಿಗೆ ಹಚ್ಚಿದಳು. ಉಳಿದದ್ದನ್ನು ಅಂಗೈಯಿಂದ ಒರಸಿಕೊಂಡಳು.

ಬಾಗಿಲು ತೆರೆಯಿತು. ಮಚ್ಚು ಕುತ್ತಿಗೆಗೆ ಬಂತು. ಆ ಹೊತ್ತಿಗೆ ಬಂದಿದ್ದೇವೆ ಈಗ.

"ಹಳೇ ಡಿಸ್ಕ್ ಬಿಚ್ಚಮ್ಮ," ಎಂದ ಚಿದಾನಂದ್. ದನಿಯಲ್ಲಿ ಜೇನು.

"ಯಾವುದು ಹಳೇದು ಸಾರ್? ಎರಡೂ ಒಂದೇ ಥರ ಇವೆ."

"ನಂಗೇ ಆಟ ಆಡ್ಸ್ತೀಯಾ? ಆ ಕುಂಕುಮದ್ದು ತೆಗಿ!"

ಬಿಚ್ಚಿದೆ. ಕೊಟ್ಟೆ. ಅವನು ಬೊಟ್ಟಿನ ಮೇಲೆ ಬೆರಳಾಡಿಸಿ ನೋಡಿ ಸೀನುವಿಗೆ ದಾಟಿಸಿದ.

ಸೀನು ಅದನ್ನು ಕಣ್ಣಿಗೊತ್ತಿಕೊಂಡ! ಆಮೇಲೆ ನೆಲಕ್ಕಿಟ್ಟು, ಮೂಲೆಯಲ್ಲಿದ್ದ ಸುತ್ತಿಗೆ ಎತ್ತಿದ. ಐದೇಟಿಗೆ ಡಿಸ್ಕ್ ನುಗ್ಗಾಯಿತು.

"ಇಲ್ಲಿಗೆ ಬಂದಿದ್ದು ಮರ್ತುಬಿಡು," ಎಂದು ಹೊರಟ ಚಿದಾನಂದ್ ಬಾಗಿಲಲ್ಲಿ ನಿಂತ. ಶಂಕ್ರವ್ವನನ್ನೇ ನೋಡಿದ.

"ಏನಮ್ಮ, ಹಣೆ ಖಾಲಿ?"



"ನೀವs ಖಾಲಿ ಮಾಡಿದ್ರಲ್ರೀ ಸಾಹೇಬ್ರ."

ಅವನು ಕಣ್ಣು ತಪ್ಪಿಸಿದ. ಮೆಟ್ಟಿಲಿಳಿದು ಹೋದ.

ಬೋಳು ಡಿಸ್ಕನ್ನು ಕಿತ್ತು ರೊಟ್ಟಿಗಳ ನಡುವೆ ಇಟ್ಟೆ. ಗಂಟು ಬಿಗಿದೆ. ಶಂಕ್ರವ್ವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಗಂಟೆ ಎರಡೂ ಮುಕ್ಕಾಲು.

ಸಾರಕ್ಕಿ ಸಿಗ್ನಲ್ಲಿನಲ್ಲಿ ಕೆಂಪು ದೀಪ. ಮಿರರಿನಲ್ಲಿ ಕಂಡದ್ದು ಚಿದಾನಂದ್‌ನ ಕಾರು... ಗಾಡಿಗಳ ಸಂದಿಯಲ್ಲಿ ನಾನೇ ಅದನ್ನು ದಾಟಿ ಬಂದಿದ್ದೆ! ಚಿದಾನಂದ್ ಕಿಟಕಿಯಿಂದ ಕೈ ಹೊರಹಾಕಿ ತನ್ನ ಬೆರಳನ್ನೇ ನೋಡುತ್ತಿದ್ದ. ಬೆರಳ ತುದಿ ಕೆಂಪಗಿತ್ತು. ದಸರಾದಲ್ಲಿ ಹಚ್ಚಿದ ಕುಂಕುಮ ಈಗ ಬೆರಳಿಗೆ ಅಂಟುವುದಿಲ್ಲ... ಅದು ಅವನಿಗೂ ಗೊತ್ತಾಗಿತ್ತು. ಅವನ ತಲೆ ಸರಕ್ಕನೆ ಮೇಲೆದ್ದಿತು.

"ಗಟ್ಟಿ ಹಿಡ್ಕೋ!"

ಸಿಗ್ನಲ್ ಹಾರಿಸಿದೆ. ಬಸ್ಸೊಂದು ಕೂದಲೆಳೆಯಲ್ಲಿ ತಪ್ಪಿತು. ಮಾರ್ಕೆಟ್ಟಿನೊಳಗೆ ನುಗ್ಗಿದೆ. ಸೊಪ್ಪಿನ ಗಾಡಿಗಳ ನಡುವೆ ಕಾರು ಸಿಕ್ಕಿಹಾಕಿಕೊಂಡಿತು. ಸೀನು ಇಳಿದು ಓಡಿ ಬಂದ. ಗಂಟಿಗೇ ಕೈ ಹಾಕಿದ!

"ಬಿಡೇ ಅದನ್ನ!"

ಶಂಕ್ರವ್ವ ಬಿಡಲಿಲ್ಲ. ಅವನ ಮಣಿಕಟ್ಟಿಗೆ ಹಲ್ಲು ಊರಿದಳು. ಅವನು ಕಿರುಚಿ ಹೂವಿನ ಬುಟ್ಟಿಗಳ ಮೇಲೆ ಬಿದ್ದ. ಹೂವಿನವರು ಅವನನ್ನು ಸುಮ್ಮನೆ ಬಿಟ್ಟಿರಲಾರರು. ನಾನು ತಿರುಗಿ ನೋಡಲಿಲ್ಲ.

ಸ್ಟೇಷನ್ನಿನಲ್ಲಿ ಇನ್‌ಸ್ಪೆಕ್ಟರ್ ವಿಡಿಯೋವನ್ನು ಎರಡು ಸಲ ನೋಡಿದರು. ಎದ್ದು ಟೋಪಿ ಹಾಕಿಕೊಂಡರು.

ನಾಲ್ಕಕ್ಕೆ ಕೋರ್ಟಿಗೆ ಸಿದ್ದಲಿಂಗಯ್ಯನ ಜೊತೆ ಆ ಡಿಸ್ಕೂ ಹೋಯಿತು. ಆರಕ್ಕೆ ಅವನು ಹೊರಗೆ ಬಂದ. ಹೆಂಡತಿಯ ಹಣೆ ನೋಡಿ ಅವನ ಮುಖ ಬಿಳಿಚಿಕೊಂಡಿತು. ಅವಳು ನಗುತ್ತ ಅತ್ತಳು. ನಾನು ರೊಟ್ಟಿ ತಿನ್ನುತ್ತ ಬೇರೆ ಕಡೆ ನೋಡಿದೆ... ನನಗೂ ಕಣ್ಣು ಒದ್ದೆಯಾಗಿತ್ತು, ಯಾರಿಗೂ ಹೇಳಬೇಡಿ.

ಆಗಲೇ ಚಿದಾನಂದ್‌ನನ್ನು ಜೀಪಿನಿಂದ ಇಳಿಸಿದರು. ಬಿಳಿ ಶರ್ಟು ಮುದುಡಿತ್ತು. ನನ್ನೆದುರು ನಿಂತ.

"ಹಾಗಾದ್ರೆ... ನಾನು ಒಡೆಸಿದ್ದು ಯಾವ ಡಿಸ್ಕು?"

"ನೀವೇ ಕೊಂಡು ತಂದಿದ್ದು ಸಾರ್. ಬಿಲ್ ಹುಡುಕ್ಬೇಡಿ... ಸುತ್ತಿಗೆ ಏಟಿಗೆ ವಾರಂಟಿ ಕೊಡಲ್ಲ!"